ಸರಕು ಸಿಕ್ಕಿತು, ಜಾಲ ಸಿಕ್ಕೀತೆ? ಕೊಡಗಿನ ಗಡಿಯಲ್ಲಿ ಸಂಘಟಿತ ಅಪರಾಧದ ತನಿಖೆ

ಪತ್ರಿಕೆಯಲ್ಲಿ ಬರುವ ಆ ಫೋಟೊ ಎಲ್ಲರಿಗೂ ಗೊತ್ತು. ಮೇಜಿನ ಮೇಲೆ ಕಂದು ಟೇಪು ಸುತ್ತಿದ ಪೊಟ್ಟಣಗಳು, ನಾಲ್ಕೈದು ಮೊಬೈಲು, ಮುಖ ಮುಚ್ಚಿ ನಿಲ್ಲಿಸಿದ ಮೂವರು, ಸಾಲಾಗಿ ಅಧಿಕಾರಿಗಳು. ಮೇಲೆ ‘ಅಂತರರಾಜ್ಯ ಜಾಲ ಪತ್ತೆ’ ಎಂಬ ತಲೆಬರಹ. ಓದುವವರಿಗೆ ಕಥೆ ಅಲ್ಲಿಗೆ ಮುಗಿಯಿತು. ಠಾಣೆಯಲ್ಲಿ ಅದು ಮೊದಲನೇ ದಿನ. ಆ ಮೂವರಲ್ಲಿ ಒಬ್ಬ ಡ್ರೈವರ್, ಒಬ್ಬ ಅವನ ಪಕ್ಕ ಕೂತು ಬಂದವನು, ಇನ್ನೊಬ್ಬ ಸರಕು ಇಳಿಸಿಕೊಳ್ಳಲು ಕಾದಿದ್ದವನು. ದುಡ್ಡು ಹಾಕಿದವನು ಫೋಟೊದಲ್ಲಿ ಇರುವುದು ಅಪರೂಪ. ಅವನನ್ನು ಕೋರ್ಟಿನ ಕಟಕಟೆಗೆ ತರುವುದರಲ್ಲಿ ಬೆನ್ನಟ್ಟಿ ಹಿಡಿಯುವ ಕೆಲಸಕ್ಕಿಂತ ಕೂತು ಬರೆಯುವ ಕೆಲಸವೇ ಹೆಚ್ಚು. ಕೇಸು ಬಿದ್ದುಹೋಗುವುದೂ ಬಹುಪಾಲು ಆ ಬರವಣಿಗೆಯಲ್ಲೇ.

ಮೊದಲು ದಾರಿ ನೋಡೋಣ. ಕೊಡಗಿಗೆ ರೈಲಿಲ್ಲ, ವಿಮಾನ ನಿಲ್ದಾಣವಿಲ್ಲ. ಏನು ಬಂದರೂ ಹೋದರೂ ರಸ್ತೆಯಲ್ಲೇ, ಆ ರಸ್ತೆಗಳನ್ನೂ ಬೆರಳಲ್ಲಿ ಎಣಿಸಬಹುದು. ಪೂರ್ವಕ್ಕೆ ಕುಶಾಲನಗರ ದಾಟಿ ಮೈಸೂರು, ಪಶ್ಚಿಮಕ್ಕೆ ಸಂಪಾಜೆ ಘಾಟಿ ಇಳಿದು ಸುಳ್ಯ. ಉತ್ತರದಲ್ಲಿ ಶನಿವಾರಸಂತೆ, ಕೊಡ್ಲಿಪೇಟೆ ಕಡೆಯಿಂದ ಹಾಸನ ಜಿಲ್ಲೆ. ಕೇರಳದ ಕಡೆಗೆ ಮೂರು ಬಾಗಿಲು: ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ ದಾಟಿ ಇರಿಟ್ಟಿ, ಗೋಣಿಕೊಪ್ಪದ ಕಡೆಯಿಂದ ಕುಟ್ಟದ ಮೂಲಕ ತೋಲ್ಪೆಟ್ಟಿ, ಮಾನಂದವಾಡಿ, ಭಾಗಮಂಡಲದಿಂದ ಕರಿಕೆಯ ಮೂಲಕ ಪಾಣತ್ತೂರು. ಕಣ್ಣೂರು, ವಯನಾಡು, ಕಾಸರಗೋಡು ಎಂಬ ಮೂರು ಜಿಲ್ಲೆಗಳಿಗೆ ಮೂರು ದಾರಿ.

ಇದರಲ್ಲಿ ಕುಟ್ಟದ ದಾರಿಗೆ ಇನ್ನೊಂದು ವಿಶೇಷವಿದೆ. 2009ರಿಂದ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ. ರಾತ್ರಿ ಹೊತ್ತು ವಯನಾಡಿಗೆ ಹೋಗಬೇಕಾದ ಗಾಡಿಗಳು ಹುಣಸೂರು, ಗೋಣಿಕೊಪ್ಪ, ಕುಟ್ಟ ಎಂದು ಸುತ್ತಿಕೊಂಡು ಹೋಗುತ್ತವೆ. ತರಕಾರಿ ಲಾರಿಯೂ ಅದೇ ದಾರಿ, ಅದರೊಳಗೆ ಬೇರೆ ಸರಕು ಅಡಗಿಸಿಟ್ಟ ಲಾರಿಯೂ ಅದೇ ದಾರಿ. ಎಲ್ಲವನ್ನೂ ಇಳಿಸಿ ನೋಡುತ್ತೇವೆಂದು ಹೊರಟರೆ ಬೆಳಗಾಗುವಷ್ಟರಲ್ಲಿ ಟೊಮೆಟೊ ಕೊಳೆತು ವ್ಯಾಪಾರಿಗಳು ಬೀದಿಗಿಳಿಯುತ್ತಾರೆ. ಹಾಗಾಗಿ ಚೆಕ್‌ಪೋಸ್ಟಿನಲ್ಲಿ ನಿಜವಾಗಿ ನಡೆಯುವುದು ಆಯ್ಕೆ. ಖಾಲಿ ಕಾರೊಂದು ನಗುನಗುತ್ತಾ ತಪಾಸಣೆ ಮುಗಿಸಿ, ಒಂದು ಕಿಲೋಮೀಟರು ಮುಂದೆ ಹೋಗಿ ಲೈಟು ಆರಿಸಿ ನಿಲ್ಲುತ್ತದೆ. ಅದು ‘ಪೈಲಟ್’ ಗಾಡಿ. ಹಿಂದೆ ಬರುವವನಿಗೆ ‘ಇದ್ದಾರೆ’ ಅಥವಾ ‘ಇಲ್ಲ’ ಎಂದು ಹೇಳುವುದಷ್ಟೇ ಅದರ ಕೆಲಸ. ‘ಇದ್ದಾರೆ’ ಎಂದಾದರೆ ಸರಕು ತೋಟದ ರಸ್ತೆಗೆ ಇಳಿದು, ಬೈಕಿನಲ್ಲಿ ಸುತ್ತಿ, ಚೆಕ್‌ಪೋಸ್ಟಿನ ಆಚೆ ಮತ್ತೆ ಗಾಡಿ ಹತ್ತುತ್ತದೆ. ಅನುಭವವಿರುವ ಪೇದೆ ಗೇಟಿನ ಹತ್ತಿರ ನಿಲ್ಲುವುದಕ್ಕಿಂತ ಗೇಟಿನಿಂದ ಸ್ವಲ್ಪ ದೂರ, ಕತ್ತಲಲ್ಲಿ ನಿಲ್ಲುವುದನ್ನೇ ಇಷ್ಟಪಡುತ್ತಾನೆ.

ಇನ್ನು ಕಾನೂನು. ನಾಲ್ಕು ಜನ ಸೇರಿ ಮಾಡಿದ್ದೆಲ್ಲ ಸಂಘಟಿತ ಅಪರಾಧವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಮಿನ ಪ್ರಕಾರ ಇಬ್ಬರಿದ್ದರೂ ಗುಂಪಾಗುತ್ತದೆ, ಆದರೆ ಆ ಗುಂಪು ‘ಮುಂದುವರಿದ ಕಾನೂನುಬಾಹಿರ ಚಟುವಟಿಕೆ’ಯಲ್ಲಿ ತೊಡಗಿರಬೇಕು. ಅಂದರೆ ಮೂರು ವರ್ಷ ಅಥವಾ ಹೆಚ್ಚು ಶಿಕ್ಷೆಯಿರುವ ಅಪರಾಧಗಳಲ್ಲಿ, ಹಿಂದಿನ 10 ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ದೋಷಾರೋಪ ಪಟ್ಟಿ ಸಲ್ಲಿಕೆಯಾಗಿರಬೇಕು, ಕೋರ್ಟು ಅವನ್ನು ವಿಚಾರಣೆಗೆ ಪರಿಗಣಿಸಿರಬೇಕು. ಇದು ಸಾಬೀತಾದರೆ ಕನಿಷ್ಠ 5 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ, ಕನಿಷ್ಠ 5 ಲಕ್ಷ ದಂಡ. ಸಾವು ಸಂಭವಿಸಿದ್ದರೆ ಗಲ್ಲು ಅಥವಾ ಜೀವಾವಧಿ. ಗುಂಪಿನವರಿಗೆ ಆಶ್ರಯ ಕೊಟ್ಟವನಿಗೂ, ಅವರ ಪರವಾಗಿ ಆಸ್ತಿ ಇಟ್ಟುಕೊಂಡು ಲೆಕ್ಕ ಕೊಡಲಾಗದವನಿಗೂ ಬೇರೆ ಬೇರೆ ಉಪಕಲಮುಗಳಿವೆ.

ಇದಕ್ಕೂ ಮೊದಲಿನಿಂದ ನಮ್ಮಲ್ಲಿ ‘ಕೋಕಾ’ ಇದೆ, 2000ರ ಕರ್ನಾಟಕ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆ. ಅದನ್ನು ಹಾಕಲು ಡಿಐಜಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಪೂರ್ವಾನುಮತಿ ಬೇಕು. ಕೊಡಗು ಜಿಲ್ಲೆಯ ಪೊಲೀಸರು ಮೈಸೂರಿನ ದಕ್ಷಿಣ ವಲಯ ಐಜಿಪಿ ಕಚೇರಿಯ ವ್ಯಾಪ್ತಿಯಲ್ಲಿರುವುದರಿಂದ ಕಡತ ಅಲ್ಲಿಗೆ ಹೋಗುತ್ತದೆ. ಆಮೇಲೆ ಕೋರ್ಟು ಪರಿಗಣಿಸಲು ಎಡಿಜಿಪಿ ದರ್ಜೆಯ ಮಂಜೂರಾತಿಯೂ ಬೇಕು. ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಗೆ ಕೋಕಾದಲ್ಲಿ ಸಾಕ್ಷ್ಯದ ಬೆಲೆಯಿದೆ. ಸಾಮಾನ್ಯ ಕೇಸುಗಳಲ್ಲಿ ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ಆ ಬೆಲೆಯಿಲ್ಲ. ಗುಂಪಿನ ಪ್ರತಿಯೊಬ್ಬನ ಮೇಲೂ ಹಳೆಯ ಎರಡು ಕೇಸು ಇರಲೇಬೇಕೆ ಎಂಬ ಪ್ರಶ್ನೆಗೆ ಗೌರಿ ಲಂಕೇಶ್ ಹತ್ಯೆ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟು ಉತ್ತರ ಕೊಟ್ಟಿದೆ: ಲೆಕ್ಕ ಗುಂಪಿನದ್ದು, ಒಬ್ಬೊಬ್ಬನದ್ದಲ್ಲ.

ಕೇಳಲು ಸುಲಭ. ಹಳೆಯ ಕೇಸು ಹುಡುಕಲು ಕೂತಾಗ ತಿಳಿಯುತ್ತದೆ ಕಷ್ಟ. ಒಬ್ಬನ ಒಂದು ಕೇಸು ಇರಿಟ್ಟಿಯಲ್ಲಿ, ಇನ್ನೊಂದು ಮಾನಂದವಾಡಿಯಲ್ಲಿ, ಮೂರನೆಯದು ಪಿರಿಯಾಪಟ್ಟಣದಲ್ಲಿ. ಒಂದು ಕಡೆ ಮಲಯಾಳಂ ಉಚ್ಚಾರದ ಹೆಸರು, ಒಂದು ಕಡೆ ಕನ್ನಡದ ಕಾಗುಣಿತ, ಇನ್ನೊಂದು ಕಡೆ ತಂದೆಯ ಹೆಸರಿನ ಜಾಗದಲ್ಲಿ ಮನೆಹೆಸರು. ಹೆಸರು ಹಾಕಿ ದೇಶದ ಠಾಣೆಗಳ ದಾಖಲೆಯ ಕಂಪ್ಯೂಟರ್ ಜಾಲವಾದ ಸಿಸಿಟಿಎನ್‌ಎಸ್‌ನಲ್ಲಿ ಹುಡುಕಿದರೆ ‘ದಾಖಲೆ ಇಲ್ಲ’ ಎಂದೇ ಬರುತ್ತದೆ. ಅದನ್ನು ನಂಬಿದ ತನಿಖಾಧಿಕಾರಿ ಅಲ್ಲಿಗೇ ಕೈಬಿಡುತ್ತಾನೆ. ನಂಬದವನು ಬೆರಳಚ್ಚು ಹಾಕಿಸುತ್ತಾನೆ. 2022ರಿಂದ ನಡೆಯುತ್ತಿರುವ ನಾಫಿಸ್ ಎಂಬ ರಾಷ್ಟ್ರೀಯ ಬೆರಳಚ್ಚು ವ್ಯವಸ್ಥೆಯಲ್ಲಿ ಬಂಧಿತನೊಬ್ಬನಿಗೆ 10 ಅಂಕಿಗಳ ಒಂದೇ ಸಂಖ್ಯೆ. ಹೆಸರು ಎಷ್ಟು ಬದಲಾದರೂ ಅದು ಬದಲಾಗದು. ಅಲ್ಲಿಂದ ಮುಂದೆ ಆಯಾ ಕೋರ್ಟುಗಳಿಂದ ದೋಷಾರೋಪ ಪಟ್ಟಿಯ ದೃಢೀಕೃತ ನಕಲು, ವಿಚಾರಣೆಗೆ ಪರಿಗಣಿಸಿದ ಆದೇಶದ ನಕಲು ತರಬೇಕು. ಒಬ್ಬ ಹೆಡ್ ಕಾನ್‌ಸ್ಟೆಬಲ್ ಬಸ್ಸಿನಲ್ಲಿ ಓಡಾಡಿ ತರುವ ಈ ಕಾಗದಗಳ ಬಗ್ಗೆ ಯಾವ ಪತ್ರಿಕೆಯೂ ಬರೆಯುವುದಿಲ್ಲ. ಅವು ಬಾರದಿದ್ದರೆ 111ನೇ ಕಲಮು ಎಫ್‌ಐಆರ್‌ನ ಅಲಂಕಾರವಾಗಿ ಉಳಿಯುತ್ತದೆ.

ಈಗ ಒಂದು ರಾತ್ರಿಯನ್ನು ಹತ್ತಿರದಿಂದ ನೋಡೋಣ. ಇದು ಊಹೆಯ ಪ್ರಕರಣ, ಲೆಕ್ಕಗಳು ವಿವರಣೆಗಾಗಿ. ಕುಟ್ಟದ ಕಡೆಗೆ ಶುಂಠಿ ಚೀಲ ಹೇರಿದ ಪಿಕಪ್ ಒಂದು ಬರುತ್ತಿದೆ, ಚೀಲಗಳ ಅಡಿಯಲ್ಲಿ ಗಾಂಜಾ ಇದೆ ಎಂದು ಬಾತ್ಮೀದಾರನೊಬ್ಬ ರಾತ್ರಿ ಒಂದೂವರೆಗೆ ಫೋನು ಮಾಡುತ್ತಾನೆ.

ಮೊದಲ ಕೆಲಸ ಜೀಪು ಹತ್ತುವುದಲ್ಲ, ಬರೆಯುವುದು. ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯ 42ನೇ ಕಲಮು ಅನ್ವಯವಾಗುವಲ್ಲಿ ಬಂದ ಮಾಹಿತಿಯನ್ನು ಬರಹಕ್ಕಿಳಿಸಿ 72 ಗಂಟೆಯೊಳಗೆ ಮೇಲಧಿಕಾರಿಗೆ ಕಳುಹಿಸಬೇಕು. ಸಾರ್ವಜನಿಕ ಜಾಗದಲ್ಲಿ ಹಿಡಿದರೆ 43ನೇ ಕಲಮು ಬರುತ್ತದೆ, ಆದರೂ ತಿಳಿದವರು ಬರೆದೇ ಹೊರಡುತ್ತಾರೆ. ಗಾಡಿ ರಸ್ತೆಯಲ್ಲಿ ಸಿಗುತ್ತದೋ, ತಪ್ಪಿಸಿಕೊಂಡು ಯಾರದೋ ತೋಟದ ಕೂಲಿಯವರ ಲೈನ್‌ಮನೆಯ ಶೆಡ್ಡಿಗೆ ನುಗ್ಗುತ್ತದೋ ಯಾರಿಗೆ ಗೊತ್ತು? ಸೂರ್ಯ ಮುಳುಗಿದ ಮೇಲೆ ಶೆಡ್ಡಿನೊಳಗೆ ಹೋಗಲು ವಾರಂಟ್ ಬೇಕು, ಇಲ್ಲವೇ ವಾರಂಟಿಗೆ ಕಾಯಲಾಗದ ಕಾರಣವನ್ನು ಬರೆದಿಡಬೇಕು.

ಪಂಚರು, ಅಂದರೆ ಶೋಧ, ಜಪ್ತಿಗೆ ಸಾಕ್ಷಿಯಾಗಿ ನಿಲ್ಲುವವರು ಬೇಕು. ರಾತ್ರಿ ಎರಡು ಗಂಟೆಗೆ ಕಾಡಂಚಿನಲ್ಲಿ ಸ್ವತಂತ್ರ ಸಾಕ್ಷಿ ಎಲ್ಲಿಂದ ತರುವುದು? ಹಾಗಾಗಿ ಎಷ್ಟೋ ಸಲ ಸರಕಾರಿ ನೌಕರರನ್ನೇ ಕರೆದುಕೊಂಡು ಹೋಗುತ್ತಾರೆ. ಪ್ರತಿ ಕೇಸಿಗೂ ಅದೇ ಇಬ್ಬರನ್ನು ಕರೆದರೆ ವಕೀಲರು ಮೂರನೇ ಕೇಸಿನಲ್ಲಿ ಅವರನ್ನು ‘ಠಾಣೆಯ ಪಂಚರು’ ಎಂದು ಕರೆಯುತ್ತಾರೆ, ಅದು ತಪ್ಪೂ ಅಲ್ಲ. ತನಿಖೆಯ ಕ್ರಮ ಹೇಳುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು ಶೋಧ, ಜಪ್ತಿಯ ವಿಡಿಯೊ ಚಿತ್ರೀಕರಣವನ್ನು ಕಡ್ಡಾಯ ಮಾಡಿರುವುದರಿಂದ ಈ ತೊಂದರೆ ಸ್ವಲ್ಪ ಕಡಿಮೆಯಾಗಿದೆ. ಮಳೆಗಾಲದಲ್ಲಿ, ಟಾರ್ಚಿನ ಬೆಳಕಿನಲ್ಲಿ ತೆಗೆದ ವಿಡಿಯೊದಲ್ಲಿ ತಕ್ಕಡಿಯ ಅಂಕಿ ಕಾಣದಿದ್ದರೆ ಮಾತ್ರ ತೆಗೆದೂ ಪ್ರಯೋಜನವಿಲ್ಲ.

ಗಾಡಿ, ಚೀಲ ನೋಡುವುದು ಬೇರೆ, ಮೈ ಶೋಧಿಸುವುದು ಬೇರೆ. ಮೈ ತಡವುವ ಮುನ್ನ ಎನ್‌ಡಿಪಿಎಸ್‌ನ 50ನೇ ಕಲಮಿನ ಪ್ರಕಾರ, ‘ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಶೋಧ ಮಾಡಿಸಿಕೊಳ್ಳುವ ಹಕ್ಕು ನಿನಗಿದೆ’ ಎಂದು ಒಬ್ಬೊಬ್ಬನಿಗೂ ಪ್ರತ್ಯೇಕವಾಗಿ ತಿಳಿಸಬೇಕು. ಇಬ್ಬರನ್ನೂ ಸಾಲಾಗಿ ನಿಲ್ಲಿಸಿ ಒಟ್ಟಿಗೆ ಹೇಳಿದ್ದು, ಜೊತೆಗೆ ‘ಬೇಕಾದರೆ ನಮ್ಮ ತಂಡದ ಅಧಿಕಾರಿಯೇ ಮಾಡುತ್ತಾರೆ’ ಎಂದು ಮೂರನೇ ಆಯ್ಕೆ ಕೊಟ್ಟದ್ದು ಎರಡೂ ದೋಷ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿದೆ. ಹತ್ತು ವರ್ಷ ದಾಟಿದರೂ ಅದೇ ಸಾಲು ಹಳೆಯ ಮಹಜರಿನಿಂದ ಹೊಸ ಮಹಜರಿಗೆ ನಕಲಾಗುವುದುಂಟು.

ಇನ್ನು ತೂಕ. ಇಡೀ ಕೇಸಿನ ಹಣೆಬರಹ ಇಲ್ಲಿದೆ. ಗಾಂಜಾದಲ್ಲಿ 1 ಕೆ.ಜಿ.ವರೆಗೆ ಅಲ್ಪ ಪ್ರಮಾಣ, 20 ಕೆ.ಜಿ. ಮೀರಿದರೆ ವಾಣಿಜ್ಯ ಪ್ರಮಾಣ. ನಮ್ಮ ಪಿಕಪ್‌ನಲ್ಲಿ 11 ಪೊಟ್ಟಣ, ಒಟ್ಟು 22.4 ಕೆ.ಜಿ. ಇತ್ತು ಎಂದುಕೊಳ್ಳಿ. ತಂಡ ಖುಷಿಯಾಗಿ ‘22.4 ಕೆ.ಜಿ. ಗಾಂಜಾ’ ಎಂದು ಬರೆದುಬಿಟ್ಟಿತು. ಪ್ರತಿ ಪೊಟ್ಟಣದ ಟೇಪು, ಪ್ಲಾಸ್ಟಿಕ್ 90 ಗ್ರಾಂ ಅಂದರೆ 990 ಗ್ರಾಂ ಹೋಯಿತು, ಉಳಿದದ್ದು 21.41. ಕಾನೂನಿನ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳು. ತುದಿಯ ಜೊತೆಗಿಲ್ಲದ ಬೀಜ, ಎಲೆ ಲೆಕ್ಕಕ್ಕಿಲ್ಲ. ಬಿಡಿ ಎಲೆ, ಬೀಜ, ಕಡ್ಡಿ ಒಂದೂವರೆ ಕಿಲೋ ಇತ್ತು ಎಂದು ವಕೀಲರು ವಾದಿಸಿ ಗೆದ್ದರೆ 19.91. ಇಪ್ಪತ್ತರ ಗೆರೆಯಿಂದ 90 ಗ್ರಾಂ ಕೆಳಗೆ! ಆ 90 ಗ್ರಾಮಿನಲ್ಲಿ 10ರಿಂದ 20 ವರ್ಷದ ಶಿಕ್ಷೆ ‘10 ವರ್ಷದವರೆಗೆ’ ಎಂದಾಗುತ್ತದೆ, ಜಾಮೀನಿಗೆ ಅಡ್ಡವಾಗಿದ್ದ 37ನೇ ಕಲಮಿನ ಗೋಡೆ ಸರಿಯುತ್ತದೆ, ದೋಷಾರೋಪ ಪಟ್ಟಿ ಸಲ್ಲಿಸಲು ಇದ್ದ 180 ದಿನ 60ಕ್ಕೆ ಇಳಿಯುತ್ತದೆ. ತನಿಖಾಧಿಕಾರಿ 180 ದಿನ ಇದೆ ಎಂದುಕೊಂಡು ಕೂತಿದ್ದರೆ 61ನೇ ದಿನ ಆರೋಪಿ ಹಕ್ಕಿನ ಜಾಮೀನು ಪಡೆದು ಮನೆಗೆ. ಆದ್ದರಿಂದಲೇ ಪೊಟ್ಟಣಕ್ಕೆ ಸಂಖ್ಯೆ ಹಾಕಿ, ಪ್ರತಿಯೊಂದರ ಹೊದಿಕೆ ಸಮೇತ ತೂಕ, ಹೊದಿಕೆ ಬಿಡಿಸಿದ ತೂಕ, ಒಳಗಿನ ವಸ್ತುವಿನ ವರ್ಣನೆ ಮೂರನ್ನೂ ಮಹಜರಿನಲ್ಲಿ ಬರೆಯಬೇಕು. ಆ ರಾತ್ರಿಗೆ ಇದು ಎರಡು ಗಂಟೆಯ ಹೆಚ್ಚುವರಿ ಕೆಲಸ.

ಮಾದರಿ ತೆಗೆಯುವುದು ರಸ್ತೆಯಲ್ಲಲ್ಲ. 52ಎ ಕಲಮು ಮತ್ತು 2022ರ ನಿಯಮಗಳ ಪ್ರಕಾರ ಮ್ಯಾಜಿಸ್ಟ್ರೇಟರ ಮುಂದೆ, ಗಾಂಜಾಕ್ಕಾದರೆ 24 ಗ್ರಾಂ, ಎರಡು ಪ್ರತಿ. ಅಲ್ಲಿಂದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ. ಮೊಹರು ಹಾಕಿದ್ದು ಯಾರು, ಮುದ್ದೆಮಾಲು (ಜಪ್ತಿಯಾದ ವಸ್ತು) ಕೋಣೆಯ ಕೀಲಿ ಯಾರ ಹತ್ತಿರ, ಒಯ್ದವರು ಯಾರು ಎಂಬ ಸರಪಳಿಯಲ್ಲಿ ಒಂದು ದಿನದ ಲೆಕ್ಕ ತಪ್ಪಿದರೂ ‘ಸರಕು ಬದಲಾಗಿರಬಹುದು’ ಎಂಬ ಅನುಮಾನಕ್ಕೆ ಜಾಗವಾಯಿತು. ಹಾಗೆಯೇ ಬಂಧನದ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕೆಂದು ಸುಪ್ರೀಂ ಕೋರ್ಟು ಇತ್ತೀಚೆಗೆ ಪಟ್ಟು ಹಿಡಿದಿದೆ. ಗಡಿಯ ಠಾಣೆಗಳಲ್ಲಿ ಮಲಯಾಳಂ ಮಾತಾಡುವವರಿಗೆ ಬರವಿಲ್ಲ, ಮಲಯಾಳಂ ಬರೆಯಬಲ್ಲವರು ಬೇಕಾದಾಗ ಸಿಗುವುದು ಮಾತ್ರ ಕಷ್ಟ. ಅಸ್ಸಾಮಿಯೋ ಬಂಗಾಳಿಯೋ ಆದರೆ ಭಾಷಾಂತರಕಾರನನ್ನು ಹುಡುಕುವುದರಲ್ಲೇ ಕೋರ್ಟಿಗೆ ಹಾಜರುಪಡಿಸುವ 24 ಗಂಟೆಯ ಗಡುವಿನ ಅರ್ಧ ಕಳೆಯುತ್ತದೆ.

ಇಷ್ಟಾದರೆ ಡ್ರೈವರಿನ ಕೇಸು ಗಟ್ಟಿಯಾಯಿತು. ದುಡ್ಡು ಹಾಕಿದವನು?

‘ಇಂಥವನು ಕಳಿಸಿದ’ ಎಂದು ಡ್ರೈವರ್ ಹೇಳುತ್ತಾನೆ. ಆ ಮಾತು ದಿಕ್ಕು ತೋರಿಸುತ್ತದೆ, ಸಾಕ್ಷ್ಯವಾಗುವುದಿಲ್ಲ. ಎನ್‌ಡಿಪಿಎಸ್‌ನ 67ನೇ ಕಲಮಿನಡಿ ತೆಗೆದ ಹೇಳಿಕೆಯನ್ನೂ ತಪ್ಪೊಪ್ಪಿಗೆಯಾಗಿ ಬಳಸುವಂತಿಲ್ಲ ಎಂದು 2020ರಲ್ಲಿ ತೀರ್ಮಾನವಾಗಿದೆ. ಬಾಯಿಮಾತಿನ ಜಾಗದಲ್ಲಿ ಕಾಗದ ತುಂಬಿಸಬೇಕು. ಮೊದಲು ಕರೆ ವಿವರ, ಅಂದರೆ ಸಿಡಿಆರ್. ಯಾರು ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡು, ಯಾವ ಟವರಿನಡಿ ಎಂಬುದಷ್ಟೇ ಅದರಲ್ಲಿರುತ್ತದೆ, ಮಾತು ಇರುವುದಿಲ್ಲ. ಮಾತು ಕೇಳಬೇಕಾದರೆ ಗೃಹ ಕಾರ್ಯದರ್ಶಿ ಮಟ್ಟದ ಆದೇಶ ಬೇಕು, ಅದಕ್ಕೆ ಒಂದು ಸಲಕ್ಕೆ 60 ದಿನ, ಒಟ್ಟು 180 ದಿನದ ಮಿತಿ. ವಾಟ್ಸ್‌ಆ್ಯಪ್ ಕರೆ ಸಿಡಿಆರ್‌ನಲ್ಲಿ ಕಾಣುವುದಿಲ್ಲ. ಆದರೆ ಇಂಟರ್ನೆಟ್ ಬಳಕೆಯ ದಾಖಲೆಯಲ್ಲಿ ಹೊತ್ತು ಸಿಗುತ್ತದೆ, ಚೆಕ್‌ಪೋಸ್ಟಿನ ಕ್ಯಾಮೆರಾ, ಫಾಸ್ಟ್‌ಟ್ಯಾಗ್, ಪೆಟ್ರೋಲ್ ಬಂಕಿನ ಬಿಲ್ಲಿನ ಜೊತೆ ಇಟ್ಟು ನೋಡಿದರೆ ಚಿತ್ರ ಮೂಡುತ್ತದೆ.

ಗಡಿಯಲ್ಲಿ ಟವರು ಮೋಸ ಮಾಡುತ್ತದೆ. ಮಾಕುಟ್ಟದ ಕಣಿವೆಯಲ್ಲೋ ಕರಿಕೆಯ ಇಳಿಜಾರಿನಲ್ಲೋ ನಿಂತವನ ಫೋನು ಕೇರಳದ ಟವರು ಹಿಡಿಯಬಹುದು, ದಾಖಲೆಯಲ್ಲಿ ಅವನು ಕಣ್ಣೂರು ಅಥವಾ ಕಾಸರಗೋಡು ಜಿಲ್ಲೆಯಲ್ಲಿದ್ದಾನೆ. ಕರ್ನಾಟಕ ಟೆಲಿಕಾಂ ವಲಯದ ಟವರ್ ಮಾಹಿತಿ ಮಾತ್ರ ತರಿಸಿದರೆ ‘ಆ ರಾತ್ರಿ ಅವನು ಇಲ್ಲಿರಲಿಲ್ಲ’ ಎಂದು ಆರೋಪಿಯ ಪರವಾಗಿ ಪೊಲೀಸರೇ ಸಾಕ್ಷಿ ಸೃಷ್ಟಿಸಿಕೊಟ್ಟಂತಾಗುತ್ತದೆ. ಎರಡೂ ವಲಯಕ್ಕೆ ಪತ್ರ ಹೋಗಬೇಕು. ಕಂಪನಿಗಳು ದಾಖಲೆ ಇಡಬೇಕಾದ ಅವಧಿ ಎರಡು ವರ್ಷ, ಹಳೆಯ ಸಾಗಣೆಗಳನ್ನು ಜೋಡಿಸುವವರಿಗೆ ಅದೇ ಗಡುವು. ಇವೆಲ್ಲ ಕೋರ್ಟಿಗೆ ಹೋಗುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು, ಅದರಲ್ಲಿ ಹ್ಯಾಶ್ ಮೌಲ್ಯ (ಕಡತದಲ್ಲಿ ಏನು ಬದಲಾದರೂ ತಾನೂ ಬದಲಾಗುವ ಗುರುತಿನ ಸಂಖ್ಯೆ) ನಮೂದಾಗಿರಬೇಕು. ಜಪ್ತಿ ಮಾಡಿದ ಫೋನನ್ನು ಠಾಣೆಯಲ್ಲಿ ಕುತೂಹಲಕ್ಕೆ ತೆರೆದು ನೋಡಿದವರು ಎಷ್ಟು ಜನ ಎಂಬುದು ಆಗ ಬಯಲಾಗುತ್ತದೆ.

ಕರೆಗಿಂತ ದುಡ್ಡು ನಂಬಿಕಸ್ಥ ಸಾಕ್ಷಿ. ಎನ್‌ಡಿಪಿಎಸ್‌ನ 27ಎ ಕಲಮು ಹಣ ಹೂಡಿದವನಿಗಾಗಿಯೇ ಇದೆ. 10ರಿಂದ 20 ವರ್ಷ, ಜಾಮೀನೂ ಕಷ್ಟ. ಸಾಗಣೆಯ ಹಿಂದಿನ ದಿನ ಬಂದ ಮುಂಗಡ, ದಾರಿಯಲ್ಲಿ ಡೀಸೆಲ್ಲಿಗೆ ಬಂದ ಯುಪಿಐ, ಸರಕು ತಲುಪಿದ ಮರುದಿನ ಮೂರು ಖಾತೆಗೆ ಹಂಚಿಹೋದ ಮೊತ್ತ ಇವನ್ನು ತಾರೀಕಿನ ಪ್ರಕಾರ ಸಿಡಿಆರ್ ಪಕ್ಕ ಬರೆದರೆ ಗುಂಪಿನ ನಕ್ಷೆ ತಾನಾಗಿ ಮೂಡುತ್ತದೆ. ಖಾತೆ ಯಾರದೋ ಕೂಲಿಯವನ ಹೆಸರಿನಲ್ಲಿರುತ್ತದೆ, ಎಟಿಎಂ ಕಾರ್ಡು ಇನ್ಯಾರದೋ ಜೇಬಿನಲ್ಲಿ. ಹಾಗಾಗಿ ಎಟಿಎಂನ ಕ್ಯಾಮೆರಾ ದೃಶ್ಯ ಅಳಿದುಹೋಗುವ ಮುನ್ನ ಬ್ಯಾಂಕಿಗೆ ಪತ್ರ ಹೋಗಬೇಕು. ಆಸ್ತಿ ಮುಟ್ಟುಗೋಲಿಗೆ 68ಎಫ್ ಕಲಮಿದೆ. ತನಿಖಾಧಿಕಾರಿಯ ಆದೇಶವನ್ನು ಸಕ್ಷಮ ಪ್ರಾಧಿಕಾರ 30 ದಿನದೊಳಗೆ ದೃಢೀಕರಿಸದಿದ್ದರೆ ಅದು ಬಿದ್ದುಹೋಗುತ್ತದೆ. ಉಳಿದ ಅಪರಾಧಗಳಿಗೆ ಸುರಕ್ಷಾ ಸಂಹಿತೆಯ 107ನೇ ಕಲಮು: ಎಸ್‌ಪಿಯ ಒಪ್ಪಿಗೆ ಪಡೆದು ಕೋರ್ಟಿಗೆ ಅರ್ಜಿ, ಆಸ್ತಿಯವನಿಗೆ 14 ದಿನದ ನೋಟಿಸು.

ಹೆದ್ದಾರಿ ದರೋಡೆಯ ದಾರಿ ಬೇರೆ. ಐದು ಅಥವಾ ಹೆಚ್ಚು ಜನ ಸೇರಿದರೆ ದರೋಡೆ, ಕಡಿಮೆಯಾದರೆ ಸುಲಿಗೆ. ಕಾರಿನಲ್ಲಿ ನಗದು ಹೋಗುತ್ತಿದೆ ಎಂದು ಗುಂಪಿಗೆ ಹೇಳಿದವನು ಹೆಚ್ಚಾಗಿ ಕಳೆದುಕೊಂಡವನ ಹತ್ತಿರದವನೇ. ಲೆಕ್ಕವಿಲ್ಲದ ಹಣವಾದರೆ ದೂರುದಾರ ಮೊತ್ತ ಕಡಿಮೆ ಹೇಳುತ್ತಾನೆ. ಆರೋಪಿಗಳಿಂದ ದೂರಿನಲ್ಲಿ ಇರುವುದಕ್ಕಿಂತ ಹೆಚ್ಚು ಹಣ ಸಿಕ್ಕಿದಾಗ ಠಾಣೆಯಲ್ಲಿ ಕಳ್ಳನಿಗಿಂತ ದೂರುದಾರನೇ ಹೆಚ್ಚು ಬೆವರುತ್ತಾನೆ. ಬಂದೂಕಿನ ವಿಷಯದಲ್ಲೂ ಹೊರಗಿನಿಂದ ಬಂದ ಅಧಿಕಾರಿ ಎಡವುವುದುಂಟು: ಕೊಡವರಿಗೂ ಜಮ್ಮಾ (ಕೊಡಗಿನ ಪಾರಂಪರಿಕ ಭೂಮಿ) ಹಿಡುವಳಿದಾರರಿಗೂ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿ ಇದೆ, 2029ರವರೆಗೆ ವಿಸ್ತರಣೆಯಾಗಿದೆ. ಮನೆಯಲ್ಲಿ ಕೋವಿ ಇದ್ದದ್ದೇ ಅಪರಾಧವಲ್ಲ, ವಿನಾಯಿತಿ ಪತ್ರ ಇದೆಯೇ ಎಂದು ನೋಡಬೇಕು.

ಬೀಟೆ ಮರದ ಸಾಗಣೆ ಮುಖ್ಯವಾಗಿ ಅರಣ್ಯ ಇಲಾಖೆಯ ತಲೆನೋವು. ಸಿಲ್ವರ್ ಓಕ್ ದಿಮ್ಮಿಗಳ ಅಡಿಯಲ್ಲಿ ಬೀಟೆ ತುಂಡು ಇಟ್ಟು ಸಾಗಿಸುತ್ತಾರೆ. ಅಲ್ಲಿ ಶಿಕ್ಷೆಗಿಂತ ಗುಂಪಿಗೆ ನೋವಾಗುವುದು ಲಾರಿ ಹೋದಾಗ. ಅರಣ್ಯ ಕಾಯ್ದೆಯಡಿ ಅಧಿಕೃತ ಅಧಿಕಾರಿ ವಾಹನವನ್ನು ಮುಟ್ಟುಗೋಲು ಹಾಕಬಹುದು, ಕ್ರಿಮಿನಲ್ ಕೇಸು ಮುಗಿಯುವವರೆಗೆ ಕಾಯಬೇಕಿಲ್ಲ.

ಕೊನೆಗೆ ತೋಟದವರಿಗೆ ನೇರವಾಗಿ ತಟ್ಟುವ ವಿಷಯ, ಕಾಫಿ ಮತ್ತು ಕರಿಮೆಣಸಿನ ಕಳವು. ಬೆಲೆ ಏರಿದ ವರ್ಷ ಇದು ಒಬ್ಬ ಹಸಿದವನ ಕಳವಾಗಿ ಉಳಿಯುವುದಿಲ್ಲ. ಕಣದಲ್ಲಿ ಚೀಲ ಯಾವಾಗ ತುಂಬುತ್ತಾರೆ, ಗೋದಾಮಿಗೆ ಯಾವಾಗ ಹೋಗುತ್ತದೆ ಎಂದು ತಿಳಿಸಲು ಒಬ್ಬ, ಗಾಡಿಗೆ ಒಬ್ಬ, ಕೊಳ್ಳಲು ಒಬ್ಬ. ನ್ಯಾಯ ಸಂಹಿತೆಯ 112ನೇ ಕಲಮು ಇಂಥ ಸಣ್ಣ ಗುಂಪುಗಳಿಗೆಂದೇ ಇದೆ, 1ರಿಂದ 7 ವರ್ಷ. ಇಲ್ಲಿ ಹಳೆಯ ಎರಡು ದೋಷಾರೋಪ ಪಟ್ಟಿಯ ಷರತ್ತಿಲ್ಲ. ಕದ್ದ ಮಾಲನ್ನೇ ರೂಢಿಯಾಗಿ ಕೊಳ್ಳುವ ವ್ಯಾಪಾರಿಗೆ 317ನೇ ಕಲಮಿನ 4ನೇ ಉಪಕಲಮಿನಡಿ ಜೀವಾವಧಿಯವರೆಗೂ ಶಿಕ್ಷೆಗೆ ಅವಕಾಶವಿದೆ. ಗುಂಪು ಒಡೆಯುವುದು ಅವನನ್ನು ಹಿಡಿದಾಗಲೇ. ಕಳ್ಳ ಬದಲಾಗುತ್ತಾನೆ, ಕೊಳ್ಳುವವನು ಬದಲಾಗುವುದಿಲ್ಲ.

ಆದರೆ ಕಾಫಿಗೆ ಚಾಸಿಸ್ ನಂಬರಿಲ್ಲ. ಮಿಲ್ಲಿಗೆ ಹೋಗಿ ಸಿಪ್ಪೆ ಬಿಟ್ಟ ಮೇಲೆ ನಿಮ್ಮ ರೋಬಸ್ಟಾವೂ ಪಕ್ಕದವರ ರೋಬಸ್ಟಾವೂ ಒಂದೇ. ಚೀಲದಲ್ಲಿ ಇರುವಾಗಲೇ ಹಿಡಿಯಬೇಕು, ಅಂದರೆ ಒಂದೆರಡು ದಿನ. ಮಾಲೀಕರು ಮೊದಲು ಕೂಲಿಯವರನ್ನು ವಿಚಾರಿಸಿ, ಆಮೇಲೆ ಮೇಸ್ತ್ರಿಯ ಜೊತೆ ಜಗಳವಾಡಿ, ವಾರ ಕಳೆದು ಠಾಣೆಗೆ ಬಂದು ‘ಸುಮಾರು ಇಪ್ಪತ್ತು ಚೀಲ ಇರಬಹುದು’ ಎನ್ನುತ್ತಾರೆ. ಆ ‘ಸುಮಾರು’ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ನಿಲ್ಲುವಂಥದ್ದು ತೋಟದಲ್ಲೇ ಇರುತ್ತದೆ: ಕೊಯ್ಲಿನ ಕೂಲಿಯನ್ನು ಕಿಲೋ ಲೆಕ್ಕದಲ್ಲಿ ಕೊಡುವುದರಿಂದ ಪ್ರತಿದಿನದ ಹಣ್ಣಿನ ತೂಕ ಪುಸ್ತಕದಲ್ಲಿದೆ. ಸುಮಾರು 5 ಕೆ.ಜಿ. ಹಣ್ಣಿಗೆ 1 ಕೆ.ಜಿ. ಬೇಳೆಯ ಲೆಕ್ಕ ಹಿಡಿದರೆ ಒಟ್ಟು ಎಷ್ಟು ಬೇಳೆ ಆಗಬೇಕಿತ್ತು ಎಂಬುದು ಕಾಗದದ ಮೇಲೆ ಬರುತ್ತದೆ. ಚೀಲಕ್ಕೆ ಒಳಗಿನಿಂದ ಬಣ್ಣದ ಗುರುತು, 50 ಕೆ.ಜಿ.ಯ ಚೀಲವಾದರೆ ಹೊಲಿಗೆಯ ದಾರದ ಬಣ್ಣ, ಗೋದಾಮಿಗೆ ಹೋಗುವ ಮುಂಚಿನ ಒಂದು ಫೋಟೊ ಇಟ್ಟುಕೊಂಡವರ ಕೇಸಿನಲ್ಲಿ ಪೊಲೀಸರು ವ್ಯಾಪಾರಿಯ ಖರೀದಿ ಪುಸ್ತಕ, ವೇಬ್ರಿಡ್ಜ್ ಚೀಟಿ ತೆಗೆಸಿ ತಾಳೆ ನೋಡಬಹುದು.

ಮಾಹಿತಿ ಕೊಡುವವರು ಗಾಡಿಯ ನಂಬರು, ಹೊತ್ತು, ಹೋದ ದಿಕ್ಕು ಈ ಮೂರನ್ನು ಹೇಳಿದರೆ ಸಾಕು. ತುರ್ತಿಗೆ 112, ಮಾದಕ ವಸ್ತುವಿನ ಬಗ್ಗೆ ರಾಷ್ಟ್ರೀಯ ಸಹಾಯವಾಣಿ 1933. ಹೋಮ್‌ಸ್ಟೇ ನಡೆಸುವವರು ಪುಸ್ತಕದಲ್ಲಿ ಒಬ್ಬನ ಹೆಸರು ಬರೆದು ‘ಮತ್ತು ನಾಲ್ವರು’ ಎಂದು ಬಿಡುವ ಬದಲು ಐವರ ಗುರುತಿನ ಚೀಟಿಯನ್ನೂ, ಗಾಡಿಯ ನಂಬರನ್ನೂ ತೆಗೆದುಕೊಳ್ಳಬೇಕು. ಆರು ತಿಂಗಳ ನಂತರ ತನಿಖಾಧಿಕಾರಿ ಆ ಪುಸ್ತಕ ಹುಡುಕಿಕೊಂಡು ಬರುವುದು ಕೋಣೆ ಹಿಡಿದವನಿಗಾಗಿ ಅಲ್ಲ, ಆ ‘ನಾಲ್ವರಲ್ಲಿ’ ಒಬ್ಬನಿಗಾಗಿ.